ಬ್ಯಾನರ್‌ಲಾರ್ಡ್: ಕೈಕೊಡುವ ಸಾಮಂತರನ್ನು ಕಟ್ಟಿಕೊಂಡು ಕೋಟೆ ಗೆಲ್ಲುವುದು ಹೇಗೆ

ಚಿಕ್ಕಬಳ್ಳಾಪುರದಲ್ಲಿ ‘ಮೌಂಟ್ ಅಂಡ್ ಬ್ಲೇಡ್ 2: ಬ್ಯಾನರ್‌ಲಾರ್ಡ್’ ಅನ್ನುವ ಕಂಪ್ಯೂಟರ್ ಯುದ್ಧದ ಆಟ ಆಡುವ ಹುಡುಗರು ಬಹಳ ಇಲ್ಲ. ಇರುವವರ ದೂರು ಮಾತ್ರ ಒಂದೇ. ‘ಅಣ್ಣ, ಗೋಡೆ ಬೀಳೋಕೆ ಇನ್ನೊಂದು ದಿನ ಇತ್ತು, ನಮ್ಮೋರೇ ಎದ್ದು ಹೋದ್ರು.’ ಇಲ್ಲವೇ, ‘ನಾನು ಮುತ್ತಿಗೆ ಹಾಕಿ ಕೂತಿದ್ದೆ, ಅಲ್ಲಿ ರಾಜ ಸಂಧಿ ಮಾಡ್ಕೊಂಡ್ಬಿಟ್ಟ.’ ಆಮೇಲೆ ಸಾಮಂತರನ್ನು ಆಡಿಸುವ ಕಂಪ್ಯೂಟರ್ ಬುದ್ಧಿ, ಅಂದರೆ ಎಐಗೆ, ತಲೆಯಿಲ್ಲ ಅಂತ ಬೈದುಕೊಂಡು, ಒಬ್ಬರೇ ಕಾಡುಗಳ್ಳರನ್ನು ಅಟ್ಟಿಸಿಕೊಂಡು ತಿರುಗುತ್ತಾರೆ.

ತಲೆಯಿಲ್ಲ ಅನ್ನುವುದು ಅರ್ಧ ಸತ್ಯ. ಆಟದ ಕಲ್ಪಿತ ನಾಡು ಕ್ಯಾಲ್ರೇಡಿಯಾದ ಸಾಮಂತ ಏನು ಮಾಡಿದರೂ ಅದರ ಹಿಂದೆ ಒಂದು ಲೆಕ್ಕ ಇರುತ್ತದೆ: ಅವನ ಆಳುಗಳಿಗೆ ಊಟ ಇದೆಯೇ, ದಂಡು ಕಟ್ಟಿ ಎಷ್ಟು ದಿನವಾಯಿತು, ನಿಮ್ಮ ಮೇಲೆ ಅವನಿಗೆ ಎಷ್ಟು ವಿಶ್ವಾಸ, ಅವನ ಕೈಯಲ್ಲಿ ಊರು ಇದೆಯೋ ಇಲ್ಲವೋ. ಇಷ್ಟು ಗೊತ್ತಿದ್ದರೆ ಅವನು ಯಾವಾಗ ಕೈಕೊಡುತ್ತಾನೆ ಅನ್ನುವುದನ್ನು ಮುಂಚೆಯೇ ಹೇಳಬಹುದು. ಅವನನ್ನು ನಂಬಿಗಸ್ತನನ್ನಾಗಿ ಮಾಡಲು ಹೊರಟರೆ ಆಟ ಮುಗಿಯುವುದಿಲ್ಲ. ಅವನು ಕೈಕೊಡುವ ದಿನಕ್ಕೆ ಮುಂಚೆ ನಿಮ್ಮ ಕೆಲಸ ಮುಗಿದಿರುವ ಹಾಗೆ ದಂಡಯಾತ್ರೆ ಹೂಡುವುದೇ ಸರಿಯಾದ ದಾರಿ. ಮುಂದೆ ಬರೆದಿರುವುದೆಲ್ಲ ಅದಕ್ಕೆ ಬೇಕಾದ ಹೆಜ್ಜೆಗಳು.

ಅಂಕಾರಾದ ಟೇಲ್‌ವರ್ಲ್ಡ್ಸ್ ಕಂಪನಿಯ ಈ ಆಟ 2020ರಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ತಿಯಾಗುವ ಮುಂಚೆಯೇ, ಬಂತು, 2022ರ ಅಕ್ಟೋಬರ್‌ನಲ್ಲಿ ಪೂರ್ತಿ ಬಿಡುಗಡೆಯಾಯಿತು. ಪ್ರತಿ ಅಪ್‌ಡೇಟ್‌ನಲ್ಲೂ ಅಂಕಿಗಳನ್ನು ಅಲ್ಲಲ್ಲಿ ತಿದ್ದುತ್ತಾರೆ. ಅದಕ್ಕೇ ಇಲ್ಲಿ ಅಂಕಿ ಕಡಿಮೆ, ಲೆಕ್ಕ ಹೇಗೆ ನಡೆಯುತ್ತದೆ ಅನ್ನುವುದು ಹೆಚ್ಚು.

ಹೆಜ್ಜೆ 1: ದಂಡು ಕರೆಯುವ ಅಧಿಕಾರ

ಇದು ಚಿಕ್ಕ ವಿಷಯ, ಬೇಗ ಮುಗಿಸೋಣ. ಮನೆತನದ ಮಟ್ಟ, ಅಂದರೆ ಕ್ಲಾನ್ ಟಿಯರ್, 1 ಆದಾಗ ಯಾವುದಾದರೂ ರಾಜ್ಯಕ್ಕೆ ಕೂಲಿ ದಂಡಾಗಿ ಸೇರಬಹುದು. ಆದರೆ ಕೂಲಿಯವರಿಗೆ ಬೇರೆಯವರನ್ನು ಕರೆಯುವ ಹಕ್ಕಿಲ್ಲ. ಟಿಯರ್ 2 ಆದ ಮೇಲೆ ರಾಜನಿಗೆ ಮಾತು ಕೊಟ್ಟು ಸಾಮಂತರಾದರೆ ಕಿಂಗ್‌ಡಮ್ ಪರದೆಯ ಆರ್ಮಿ ವಿಭಾಗ ನಿಮಗೆ ತೆರೆದುಕೊಳ್ಳುತ್ತದೆ.

ಅಲ್ಲಿ ನಡೆಯುವ ನಾಣ್ಯ ಆಟದ ಹಣವಾದ ದೆನಾರ್ ಅಲ್ಲ, ಇನ್‌ಫ್ಲುಯೆನ್ಸ್, ಅಂದರೆ ರಾಜ್ಯದಲ್ಲಿ ನಿಮಗಿರುವ ಪ್ರಭಾವ. ಯುದ್ಧ ಗೆದ್ದರೆ ಬರುತ್ತದೆ. ಸೆರೆಸಿಕ್ಕ ಶತ್ರು ಸಾಮಂತರನ್ನು ನಿಮ್ಮ ರಾಜ್ಯದ ಕೋಟೆಯ ಸೆರೆಮನೆಗೆ ಒಪ್ಪಿಸಿದರೆ ಬರುತ್ತದೆ. ನಿಮ್ಮ ಆಳುಗಳನ್ನು ಬೇರೆ ಸಾಮಂತನ ಕೋಟೆಯ ಕಾವಲಿಗೆ ಬಿಟ್ಟುಕೊಟ್ಟರೂ ಬರುತ್ತದೆ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಹಳ್ಳಿ ಹಳ್ಳಿ ಸುತ್ತಿ ಹೊಸ ಹುಡುಗರನ್ನು ಸೇರಿಸಿಕೊಂಡು, ಕಳ್ಳರ ಜೊತೆ ಒಂದೆರಡು ಸಲ ಹೊಡೆದಾಡಿಸಿ ಪಳಗಿಸಿ, ಗಡಿಯ ಕೋಟೆಯಲ್ಲಿ ಬಿಟ್ಟುಬಂದರೆ ಕೋಟೆಯೂ ಗಟ್ಟಿ, ನಿಮ್ಮ ಕೈಯೂ ಗಟ್ಟಿ.

ಮೊದಲ ಸಲ ದಂಡು ಕಟ್ಟುವಾಗ ಇರುವ ಇನ್‌ಫ್ಲುಯೆನ್ಸನ್ನೆಲ್ಲ ಸಾಮಂತರನ್ನು ಕರೆಯಲು ಸುರಿಯಬೇಡಿ. ಅರ್ಧ ಇಟ್ಟುಕೊಳ್ಳಿ. ಯಾಕೆ ಅನ್ನುವುದು ಐದನೇ ಹೆಜ್ಜೆಯಲ್ಲಿದೆ.

ಹೆಜ್ಜೆ 2: ಮೊದಲು ಮನೆಯವರ ದಂಡು

ಪರರನ್ನು ಕರೆಯುವ ಮುಂಚೆ ಮನೆಯವರನ್ನು ತಯಾರು ಮಾಡಿ. ಹೋಟೆಲು ಚಾವಡಿಗಳಲ್ಲಿ ಸಿಗುವ ಕಂಪ್ಯಾನಿಯನ್‌ಗಳು (ಜೊತೆಗಾರರು), ಮದುವೆಯಾದ ಮೇಲೆ ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಇವರಲ್ಲಿ ಒಬ್ಬೊಬ್ಬರಿಗೂ ಕ್ಲಾನ್ ಪರದೆಯಲ್ಲಿ ಒಂದೊಂದು ಪಡೆ ಕಟ್ಟಿಕೊಡಬಹುದು. ಎಷ್ಟು ಪಡೆ ಅನ್ನುವುದು ನಿಮ್ಮ ಟಿಯರ್ ಮೇಲೆ ನಿಂತಿದೆ. ಸಂಬಳ ನಿಮ್ಮ ಬೊಕ್ಕಸದಿಂದ ಹೋಗುತ್ತದೆ, ಚೆನ್ನಾಗಿಯೇ ಹೋಗುತ್ತದೆ. ಆದರೆ ಇವರನ್ನು ದಂಡಿಗೆ ಕರೆಯಲು ಒಂದು ಪೈಸೆ ಇನ್‌ಫ್ಲುಯೆನ್ಸ್ ಬೇಡ.

ಇನ್ನೊಂದು ಲಾಭವಿದೆ. ಮನೆತನದ ಪಡೆಯ ಮುಖ್ಯಸ್ಥನನ್ನು ಮಾತಾಡಿಸಿದರೆ ಅವನ ಆಳುಗಳನ್ನು ನೀವೇ ನೋಡಿ ಅದಲುಬದಲು ಮಾಡಬಹುದು. ಬೇರೆ ಸಾಮಂತ ಬರೀ ಹಳ್ಳಿ ಹುಡುಗರನ್ನು ಕಟ್ಟಿಕೊಂಡು ಬಂದರೂ ನೀವು ಬಾಯಿಬಿಡುವಂತಿಲ್ಲ. ಮನೆಯವರಿಗಾದರೆ ಒಳ್ಳೆ ಬಿಲ್ಲುಗಾರರನ್ನು ಕೊಟ್ಟು, ಅವರ ಕಡೆಯ ಗಾಯಾಳುಗಳನ್ನು ನಿಮ್ಮ ಪಡೆಗೆ ತೆಗೆದುಕೊಳ್ಳಬಹುದು.

ಪಡೆ ಯಾರಿಗೆ ಕೊಡಬೇಕು? ಕತ್ತಿವರಸೆಯಲ್ಲಿ ಎತ್ತಿದ ಕೈ ಅಂತ ಕೊಡಬೇಡಿ. ಸ್ಟೀವರ್ಡ್ (ಪಡೆಯ ಮೇಲ್ವಿಚಾರಣೆ), ಲೀಡರ್‌ಶಿಪ್ (ನಾಯಕತ್ವ) ಇರುವವರಿಗೆ ಕೊಡಿ. ವೈದ್ಯ ಮಾಡುವವರನ್ನೂ ದಾರಿ ನೋಡುವವರನ್ನೂ ನಿಮ್ಮ ಪಡೆಯಲ್ಲೇ ಸರ್ಜನ್, ಸ್ಕೌಟ್ ಮಾಡಿ ಇಟ್ಟುಕೊಳ್ಳಿ.

ಮನೆಯ ಎರಡು ಮೂರು ಪಡೆಗಳೇ ಬೆನ್ನೆಲುಬು. ಎಲ್ಲ ಸಾಮಂತರೂ ಒಂದೇ ರಾತ್ರಿ ಎದ್ದು ಹೋದರೂ ಇವರು ನಿಮ್ಮ ಜೊತೆ ಇರುತ್ತಾರೆ. ಬರೀ ಇವರನ್ನಿಟ್ಟುಕೊಂಡು ಯಾವ ಕೋಟೆ ಗೆಲ್ಲಬಹುದೋ ಆ ಅಳತೆಯ ಕೋಟೆಯನ್ನೇ ಮೊದಲು ಆರಿಸಿ. ಮೇಲೆ ಬಂದ ಸಾಮಂತರು ಲಾಭದ ಬಾಬತ್ತು.

ಹೆಜ್ಜೆ 3: ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು

ಹೆಚ್ಚಿನ ದಂಡಯಾತ್ರೆಗಳು ಕೆಡುವುದು ಈ ಪಟ್ಟಿಯ ಮುಂದೆ ಕೂತಾಗಲೇ. ಆರ್ಮಿ ಪರದೆಯಲ್ಲಿ ಪ್ರತಿ ಸಾಮಂತನ ಹೆಸರಿನ ಎದುರು ಅವನ ಆಳುಗಳ ಸಂಖ್ಯೆ, ಎಷ್ಟು ದೂರದಲ್ಲಿದ್ದಾನೆ, ಕರೆಯಲು ಎಷ್ಟು ಇನ್‌ಫ್ಲುಯೆನ್ಸ್ ಬೇಕು ಅನ್ನುವುದು ಇರುತ್ತದೆ. ಕೆಲವು ಹೆಸರು ಬೂದು ಬಣ್ಣದಲ್ಲಿರುತ್ತವೆ. ಅವರನ್ನು ಈಗ ಕರೆಯಲಾಗದು. ಒಬ್ಬ ಬೇರೆ ದಂಡಿನಲ್ಲಿರುತ್ತಾನೆ, ಇನ್ನೊಬ್ಬನ ಪಡೆ ತೀರಾ ಸಣ್ಣದಾಗಿರುತ್ತದೆ.

ಹೊಸಬರು ಮಾಡುವುದು ಏನೆಂದರೆ, ಅಗ್ಗಕ್ಕೆ ಸಿಕ್ಕಿದವರನ್ನೆಲ್ಲ ಟಿಕ್ ಮಾಡುವುದು. ಅಗ್ಗದವನು ಯಾಕೆ ಅಗ್ಗ ಅಂತ ನೋಡಿ. ನಿಮ್ಮ ಜೊತೆ ಅವನ ಸಂಬಂಧ ಚೆನ್ನಾಗಿದ್ದರೆ ಬೆಲೆ ಇಳಿಯುತ್ತದೆ, ಅದು ಒಳ್ಳೆಯದು. ಆದರೆ ಪಡೆ ಚಿಕ್ಕದಾದರೂ ಬೆಲೆ ಇಳಿಯುತ್ತದೆ. ಮೊನ್ನೆ ತಾನೇ ಸೋತು, ಸೆರೆಯಿಂದ ತಪ್ಪಿಸಿಕೊಂಡು ಬಂದು, ನಿನ್ನೆ ಹಳ್ಳಿಯಲ್ಲಿ ಸಿಕ್ಕ ಹುಡುಗರನ್ನು ಕಟ್ಟಿಕೊಂಡು ನಿಂತವನು ಅವನು. ಅವನು ಬಂದರೆ ಯುದ್ಧಕ್ಕೆ ಜನ ಬರುವುದಿಲ್ಲ, ಊಟಕ್ಕೆ ಬರುತ್ತಾರೆ. ಮೇಲಾಗಿ ಪಡೆಯೊಂದರಲ್ಲಿ ಗಟ್ಟಿ ಆಳು ತೀರಾ ಕಡಿಮೆಯಿದ್ದರೆ ಇಡೀ ದಂಡಿನ ಒಗ್ಗಟ್ಟು ಬೇಗ ಇಳಿಯುತ್ತದೆ.

ಎಂಟು ಸಣ್ಣ ಪಡೆಗಳಿಗಿಂತ ಮೂರು ದೊಡ್ಡ ಪಡೆ ಯಾವತ್ತೂ ವಾಸಿ. ಒಟ್ಟು ಆಳು ಅಷ್ಟೇ ಇದ್ದರೂ ಇದೇ ಮಾತು.

ದೂರವನ್ನೂ ನೋಡಬೇಕು. ನೀವು ಕರೆದ ಕ್ಷಣದಿಂದಲೇ ದಂಡಿನ ದಿನ ಸವೆಯಲು ಶುರು. ಭೂಪಟದ ಆ ತುದಿಯಿಂದ ಸಾಮಂತ ನಡೆದು ಬರುವವರೆಗೆ ಈಗಾಗಲೇ ಬಂದವರು ಕೂತು ತಿನ್ನುತ್ತಿರುತ್ತಾರೆ. ಅವನು ದಾರಿಯಲ್ಲೇ ಶತ್ರುವಿನ ಬಾಯಿಗೆ ಬೀಳಲೂಬಹುದು. ಗುರಿಯ ಕೋಟೆಗೆ ಹತ್ತಿರವಿರುವ ನಿಮ್ಮ ಪಟ್ಟಣವೊಂದರ ಬಾಗಿಲಲ್ಲಿ ನಿಂತು, ಒಂದು ದಿನದ ನಡಿಗೆಯಲ್ಲಿರುವವರನ್ನು ಮಾತ್ರ ಕರೆಯಿರಿ.

ಇನ್ನು ಆಸಾಮಿಯ ಗುಣ. ಆಟದೊಳಗಿನ ಎನ್‌ಸೈಕ್ಲೋಪೀಡಿಯ ತೆರೆದು ಹೆಸರು ಹುಡುಕಿದರೆ ಅವನ ಮನೆತನ, ನಿಮ್ಮ ಜೊತೆಗಿನ ಸಂಬಂಧ, ಕೊನೆಗೆ ಎಲ್ಲಿ ಕಂಡ ಅನ್ನುವುದರ ಜೊತೆಗೆ ಗುಣದ ಚಿಹ್ನೆಗಳೂ ಕಾಣುತ್ತವೆ: ಕರುಣೆ, ಧೈರ್ಯ, ಪ್ರಾಮಾಣಿಕತೆ, ಉದಾರತೆ, ಲೆಕ್ಕಾಚಾರ. ದಂಡಿನ ಜೊತೆ ನಡೆಯುವಾಗ ಈ ಗುಣಗಳು ಅಷ್ಟಾಗಿ ತೋರುವುದಿಲ್ಲ. ಮಾತುಕತೆಯಲ್ಲಿ ತೋರುತ್ತವೆ. ಮುಂದೊಂದು ದಿನ ನೀವೇ ರಾಜರಾಗಿ ಇವನನ್ನು ನಿಮ್ಮ ಕಡೆಗೆ ಒಲಿಸಬೇಕಾದಾಗ, ಪ್ರಾಮಾಣಿಕನ ಮುಂದೆ ದುಡ್ಡಿನ ಮಾತು ತೆಗೆದರೆ ಕೆಲಸ ಕೆಡುತ್ತದೆ. ಅಷ್ಟಕ್ಕೆ ನೆನಪಿಟ್ಟುಕೊಂಡರೆ ಸಾಕು.

ಸಂಬಂಧ ಬೆಳೆಸುವ ಸುಲಭ ದಾರಿ ಯುದ್ಧಭೂಮಿಯಲ್ಲೇ ಇದೆ. ಸೋಲುತ್ತಿರುವ ನಿಮ್ಮವನೊಬ್ಬನ ಕಾಳಗಕ್ಕೆ ನುಗ್ಗಿ ಗೆಲ್ಲಿಸಿದರೆ ಅವನು ಮರೆಯುವುದಿಲ್ಲ. ಶತ್ರುವಿನ ಸೆರೆಯಲ್ಲಿದ್ದ ನಿಮ್ಮ ಕಡೆಯ ಸಾಮಂತ ನೀವು ಗೆದ್ದಾಗ ಬಿಡುಗಡೆಯಾದರೆ ಆಗಲೂ ಸಂಬಂಧ ಏರುತ್ತದೆ. ಹಾಗಾಗಿ ಬೆನ್ನಟ್ಟಲು ಎರಡು ಪಡೆ ಕಂಡರೆ, ಸೆರೆಯಾಳುಗಳನ್ನು ಎಳೆದುಕೊಂಡು ಹೋಗುತ್ತಿರುವುದನ್ನೇ ಹಿಡಿಯಿರಿ.

ಹೆಜ್ಜೆ 4: ಊಟ

ಆಟದಲ್ಲಿ 20 ಜನಕ್ಕೆ ದಿನಕ್ಕೆ ಒಂದು ಮೂಟೆ ಊಟ ಖರ್ಚು. ಲೆಕ್ಕ ಹಾಕಿ: 600 ಜನದ ದಂಡಿಗೆ ದಿನಕ್ಕೆ 30 ಮೂಟೆ. ಹೋಗಿ ಬರುವುದು, ಮುತ್ತಿಗೆ ಎಲ್ಲ ಸೇರಿ 12 ದಿನ ಅಂದರೆ 360 ಮೂಟೆ. ನಿಮ್ಮ ಪಡೆಯಲ್ಲಿ ಬರೀ 120 ಜನ ಇದ್ದು, ನಿಮ್ಮ ಮಟ್ಟಿಗೆ ಮಾತ್ರ 72 ಮೂಟೆ ಹೊತ್ತು ಹೊರಟರೆ ಒಂದು ವಾರದಲ್ಲೇ ಹಸಿದ ಪಡೆಗಳು ಶುರುವಾಗುತ್ತವೆ.

ಸಾಮಂತರು ತಮ್ಮ ಊಟ ತಾವೇ ತರಬೇಕು, ಆದರೆ ತರುವುದಿಲ್ಲ. ಅವರ ಬಳಿ ಮುಗಿದಾಗ ದಂಡಿನಲ್ಲಿ ಇದ್ದವರ ಮೂಟೆಯಿಂದ ಹೋಗುತ್ತದೆ, ಅಂದರೆ ನಿಮ್ಮದರಿಂದ. ನೀವು ಉಣಿಸಿದ್ದಕ್ಕೆ ಸ್ವಲ್ಪ ಇನ್‌ಫ್ಲುಯೆನ್ಸ್ ವಾಪಸು ಬರುತ್ತದೆ. ಹಾಗಾಗಿ ಇದನ್ನು ನಷ್ಟ ಅಂತ ಬರೆದುಕೊಳ್ಳಬೇಡಿ. ದೆನಾರ್ ಕೊಟ್ಟು ಇನ್‌ಫ್ಲುಯೆನ್ಸ್ ಕೊಂಡಂತೆಯೇ ಆಯಿತು, ಹಣವಂತನಿಗೆ ಇದಕ್ಕಿಂತ ಸುಲಭ ವ್ಯಾಪಾರ ಈ ಆಟದಲ್ಲಿಲ್ಲ.

ಧಾನ್ಯ ಎಲ್ಲೆಡೆ ಅಗ್ಗ, ಅದನ್ನೇ ರಾಶಿ ಹಾಕಿ. ಮೀನು, ಮಾಂಸ, ಚೀಸ್, ಖರ್ಜೂರ, ದ್ರಾಕ್ಷಿ, ಬೆಣ್ಣೆ ಸ್ವಲ್ಪ ಸ್ವಲ್ಪ ಸೇರಿಸಿ. ಬಗೆ ಹೆಚ್ಚಿದಷ್ಟೂ ಆಳುಗಳ ಹುರುಪು ಏರುತ್ತದೆ. ಹೊರಲು ಹೇಸರಗತ್ತೆ, ಹೊರೆಕುದುರೆ ಬೇಕು. ಆದರೆ ಪ್ರಾಣಿಗಳ ಸಂಖ್ಯೆ ಆಳುಗಳ ಸಂಖ್ಯೆ ಮೀರಿದರೆ ನಡಿಗೆ ನಿಧಾನ. ಕುರಿ ಹಸುಗಳನ್ನು ಹೊಡೆದುಕೊಂಡು ದಂಡಯಾತ್ರೆಗೆ ಹೋಗುವ ಆಸೆ ಬಿಡಿ.

ಊಟವಿಲ್ಲದ ದಂಡು, ಹೊತ್ತಿಗೆ ಬಾರದ ಮಿತ್ರರು: ಇವೆರಡೂ ಒಟ್ಟಿಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನೆಲದಲ್ಲೇ ಕಥೆಯಿದೆ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣದ ಹತ್ತಿರ ಹೋಗಿ ನಿಂತ. ಜೊತೆಗೆ ನಿಜಾಮನ ಕುದುರೆ ದಂಡು ಇತ್ತು, ಅದು ಕೆಲಸಕ್ಕಿಂತ ಮೇವು ಮುಗಿಸಿದ್ದೇ ಹೆಚ್ಚು ಅಂತ ಇಂಗ್ಲಿಷರ ಬರಹಗಳಲ್ಲಿ ದೂರಿದೆ. ಬರಬೇಕಿದ್ದ ಮರಾಠರು ಬಂದಿರಲಿಲ್ಲ. ಎತ್ತುಗಳು ಸತ್ತವು, ಅಕ್ಕಿ ಮುಗಿಯಿತು, ಮಳೆ ಹಿಡಿಯಿತು. ಎಳೆಯಲು ಎತ್ತಿಲ್ಲದೆ ತನ್ನ ಮುತ್ತಿಗೆ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಹಾಗೆ ಹಿಂದಿರುಗುವಾಗ ದಾರಿಯಲ್ಲಿ ಹರಿಪಂತ, ಪರಶುರಾಮ ಭಾವೂ ಇವರ ಮರಾಠಾ ದಂಡು ಎದುರಾಯಿತು! ಅವರ ಸುದ್ದಿ ಹೊತ್ತವರನ್ನು ಟಿಪ್ಪುವಿನ ಸವಾರರು ನಡುವೆಯೇ ತಡೆದಿದ್ದರು. ಮರಾಠರ ಬಜಾರಿನಲ್ಲಿ ಧಾನ್ಯ ಬೇಕಾದಷ್ಟಿತ್ತು, ಬೆಲೆ ಮಾತ್ರ ಏರಿತ್ತು.

ಆಮೇಲೆ ಕಾರ್ನ್‌ವಾಲಿಸ್ ಮಾಡಿದ್ದನ್ನು ಗಮನಿಸಿ. ಮಿತ್ರರನ್ನು ತಿದ್ದಲು ಕೂರಲಿಲ್ಲ. ಮೊದಲು ಸಾಮಾನು ಸಾಗುವ ದಾರಿ ಬಿಡಿಸಿಕೊಂಡ. ಅಕ್ಟೋಬರ್‌ನಲ್ಲಿ ನಮ್ಮ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ ಬಿದ್ದವು. 1792ರ ಫೆಬ್ರುವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣಕ್ಕೆ ಹೋದಾಗ ಹಸಿವಿನ ಮಾತಿರಲಿಲ್ಲ. ಆಟದಲ್ಲೂ ಇದನ್ನೇ ಮಾಡಿ. ಶತ್ರುವಿನ ದೊಡ್ಡ ಪಟ್ಟಣಕ್ಕೆ ನೇರ ಹಾರಬೇಡಿ. ನಡುದಾರಿಯ ಕೋಟೆ ಮೊದಲು.

ಹೆಜ್ಜೆ 5: ಕೊಹೇಶನ್

ದಂಡು ಕಟ್ಟಿದಾಗ ಕೊಹೇಶನ್, ಅಂದರೆ ದಂಡಿನ ಒಗ್ಗಟ್ಟಿನ ಅಂಕಿ, 100 ಇರುತ್ತದೆ. ಅದು ಸೊನ್ನೆಗೆ ಇಳಿದರೆ ದಂಡು ಚದುರುತ್ತದೆ. ನೀವು ಅರ್ಧ ಗೋಡೆ ಒಡೆದಿದ್ದೀರಿ, ಶತ್ರು ಕೋಟೆಯಲ್ಲಿ ಹಸಿವಿದೆ ಅನ್ನುವುದಕ್ಕೆಲ್ಲ ಬೆಲೆಯಿಲ್ಲ. ಕೋಲಾರದ ಮಂಡಿಗೆ ಹೊರಟ ಟೊಮೆಟೊ ಹಾಗೆ: ಕಿತ್ತ ಗಳಿಗೆಯಿಂದಲೇ ಇಳಿಕೆ, ದಾರಿಯಲ್ಲಿ ನಿಲ್ಲಿಸಿ ಯೋಚನೆ ಮಾಡಲು ಕಾಲವಿಲ್ಲ.

ಇಳಿಕೆಯ ವೇಗ ಮಾತ್ರ ನಿಮ್ಮ ಕೈಯಲ್ಲಿದೆ. ಸಂಖ್ಯೆಯ ಮೇಲೆ ಮೌಸ್ ಇಟ್ಟರೆ ಯಾವುದರಿಂದ ಎಷ್ಟು ಇಳಿಯುತ್ತಿದೆ ಅನ್ನುವುದು ಬಿಡಿಬಿಡಿಯಾಗಿ ಕಾಣುತ್ತದೆ. ಇದನ್ನು ದಿನಕ್ಕೊಮ್ಮೆ ನೋಡಿ. ಪಡೆಗಳ ಸಂಖ್ಯೆ ಹೆಚ್ಚಿದಷ್ಟೂ ಇಳಿಕೆ ಜಾಸ್ತಿ. ಹಸಿದ ಪಡೆಯಿದ್ದರೆ ಜಾಸ್ತಿ. ಹುರುಪು ಕುಂದಿದ ಪಡೆ, ಗಾಯಾಳುಗಳೇ ತುಂಬಿ ಗಟ್ಟಿ ಆಳು ಕೈಬೆರಳಲ್ಲಿ ಎಣಿಸುವಷ್ಟೇ ಉಳಿದ ಪಡೆ, ಇವೂ ಇಳಿಸುತ್ತವೆ. ಬರೀ ಮನೆತನದ ಪಡೆಗಳಿರುವ ದಂಡಿನಲ್ಲಿ ಇಳಿಕೆ ಬಹಳ ನಿಧಾನ.

ಹೀಗಿರುವಾಗ ಮಾಡಬೇಕಾದದ್ದು ಎರಡು. ದೊಡ್ಡ ಕಾಳಗವೊಂದು ಮುಗಿದ ಕೂಡಲೇ ಆರ್ಮಿ ಪರದೆ ತೆರೆದು ಪಡೆಗಳನ್ನು ನೋಡಿ. ಜರ್ಜರಿತವಾದದ್ದು ಕಂಡರೆ ಆ ಸಾಮಂತನನ್ನು ದಂಡಿನಿಂದ ಬಿಟ್ಟುಬಿಡಿ. ಅವನು ಊರಿಗೆ ಹೋಗಿ ಹೊಸ ಜನ ಸೇರಿಸಿಕೊಳ್ಳಲಿ. ‘ಇದ್ದರೆ ಇರಲಿ, ಹತ್ತು ಜನವಾದರೂ ಆಗುತ್ತಾರೆ’ ಅನ್ನುವ ಮೋಹವೇ ದಂಡು ಮುರಿಯುವುದು.

ಎರಡನೆಯದು, ಇನ್‌ಫ್ಲುಯೆನ್ಸ್ ಕೊಟ್ಟು ಕೊಹೇಶನ್ ಏರಿಸುವುದು. ಅರ್ಧ ಉಳಿಸಿಕೊಳ್ಳಿ ಅಂದದ್ದು ಇದಕ್ಕೆ. ಆದರೆ ಯಾವಾಗ ಏರಿಸಬೇಕು? ಗೋಡೆಯ ಮುಂದೆ ಕೂತ ಮೇಲೆ. ಮುತ್ತಿಗೆಯ ಕೆಲಸ ಇನ್ನು ಎಷ್ಟು ದಿನ ಉಳಿದಿದೆ ಅನ್ನುವುದು ಕಣ್ಣಿಗೆ ಕಂಡ ಮೇಲೆ. ಗುರಿ ಯಾವುದೆಂದು ಗೊತ್ತಿಲ್ಲದೆ ಅಲೆಯುತ್ತಿರುವ ದಂಡಿಗೆ ಸುರಿದ ಇನ್‌ಫ್ಲುಯೆನ್ಸ್ ಹೊಳೆಗೆ ಹೋದಂತೆ. ದಂಡು ಕರೆಯುವ ಮುಂಚೆಯೇ ಗುರಿಯ ಕೋಟೆ ಯಾವುದು, ಒಳಗೆ ಎಷ್ಟು ಕಾವಲು ಅನ್ನುವುದನ್ನು ನಿಮ್ಮ ಸಣ್ಣ ಪಡೆಯೊಂದಿಗೆ ಹತ್ತಿರ ಹೋಗಿ ನೋಡಿ ಬನ್ನಿ.

ಹೆಜ್ಜೆ 6: ಬಯಲಿನ ಕಾಳಗ

ದಂಡಿನ ನಾಯಕ ನೀವಾಗಿದ್ದರೆ ಬಂದ ಸಾಮಂತರ ಆಳುಗಳೆಲ್ಲ ನಿಮ್ಮ ಅಪ್ಪಣೆಯ ಕೆಳಗೆ ಬರುತ್ತಾರೆ. ಬೇರೆಯವನ ದಂಡಿನಲ್ಲಿ ನೀವು ಬರೀ ಸದಸ್ಯರಾದರೆ ಇಡೀ ಪಡೆ ನಿಮ್ಮ ಮಾತು ಕೇಳುವುದಿಲ್ಲ, ಹೆಚ್ಚೆಂದರೆ ಒಂದು ತುಕಡಿ ನಿಮ್ಮ ಪಾಲಿಗೆ ಬರುತ್ತದೆ. ಸಾಮಂತರು ಮೂರ್ಖರಂತೆ ನುಗ್ಗುವುದು ಬಹಳ ಸಲ ಕಾಣುವುದು ಇಂಥ ಕಾಳಗದಲ್ಲೇ. ಸಾಧ್ಯವಾದಷ್ಟೂ ನಾಯಕರಾಗಿಯೇ ಹೋಗಿ.

ಕಾಳಗಕ್ಕೆ ಮುಂಚೆ ತುಕಡಿ ಹಂಚುವ ಪರದೆ ಬರುತ್ತದೆ. ಹಂಚಿಕೆಯನ್ನು ಆಟಕ್ಕೇ ಬಿಟ್ಟರೆ ಎಲ್ಲರ ಬಿಲ್ಲುಗಾರರೂ ಒಂದೇ ಗುಂಪು, ಎಲ್ಲರ ಕಾಲಾಳೂ ಒಂದೇ ಗುಂಪು. ಹಳ್ಳಿಯಿಂದ ಹೊಸದಾಗಿ ಬಂದವನೂ ಪಳಗಿದ ಗುರಾಣಿಯವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕಾಲಾಳನ್ನು ಎರಡು ಗುಂಪು ಮಾಡಿ. ಗುರಾಣಿ ಇರುವವರು ಮುಂದೆ, ಉಳಿದವರು ಒಂದು ಪಕ್ಕಕ್ಕೆ. ಒಂದೊಂದಕ್ಕೂ ನಿಮ್ಮ ಕಂಪ್ಯಾನಿಯನ್‌ನನ್ನು ಕ್ಯಾಪ್ಟನ್ ಮಾಡಿ. ಎಫ್3 ಒತ್ತಿ ಎಫ್2 ಒತ್ತಿದರೆ ಗುರಾಣಿ ಗೋಡೆ. ಬಿಲ್ಲುಗಾರರನ್ನು ಹಿಂದೆ ಏರಿನ ಮೇಲೆ ನಿಲ್ಲಿಸಿ. ಕುದುರೆಯವರನ್ನು ಎಫ್1, ಎಫ್2 ಒತ್ತಿ ನಿಮ್ಮ ಹಿಂದೆಯೇ ಕರೆದುಕೊಳ್ಳಿ. ಇಲ್ಲದಿದ್ದರೆ ಆಟದ ರಾಜ್ಯಗಳಲ್ಲೊಂದಾದ ಖುಜೈಟರ ಬಿಲ್ಲಿನ ಸವಾರರನ್ನು ಅಟ್ಟಿಸಿಕೊಂಡು ಹೋಗಿ ಅಲ್ಲೇ ಮುಗಿಯುತ್ತಾರೆ.

ಒಂದೇ ಸಲಕ್ಕೆ ಮೈದಾನಕ್ಕಿಳಿಯುವವರ ಸಂಖ್ಯೆ ಸೆಟ್ಟಿಂಗ್ಸ್‌ನಲ್ಲಿ 200ರಿಂದ 1000ದವರೆಗೆ ಇದೆ. ಹಳೆ ಲ್ಯಾಪ್‌ಟಾಪಿನಲ್ಲಿ ಆಡುವವರು ಇದನ್ನು ಇಳಿಸಿ. ಉಳಿದವರು ಹಿಂದಿನಿಂದ ಅಲೆಯಲೆಯಾಗಿ ಬರುತ್ತಾರೆ. ಇಳಿಸಿದಷ್ಟೂ ಮೊದಲ ಸಾಲಿನ ಗುಣವೇ ಕಾಳಗ ನಿರ್ಧರಿಸುತ್ತದೆ ಅನ್ನುವುದು ನೆನಪಿರಲಿ. ಮತ್ತೆ, ಕಾಳಗಕ್ಕೆ ಮುಂಚೆ ಎಫ್5 ಒತ್ತಿ ಸೇವ್ ಮಾಡಿಕೊಳ್ಳಿ. ಸಾಮಂತರಿಗಿಂತ ನಮ್ಮ ಕಡೆಯ ಕರೆಂಟು ಕೈಕೊಡುವುದು ಹೆಚ್ಚು.

ಹೆಜ್ಜೆ 7: ಮುತ್ತಿಗೆ

ನಂದಿ, ಗುಡಿಬಂಡೆ, ರಹಮಾನ್‌ಗಢದ ಬಂಡೆಗಳನ್ನು ನೋಡಿ ಬೆಳೆದವರಿಗೆ ಕ್ಯಾಲ್ರೇಡಿಯಾದ ಕೋಟೆಗಳು ತುಸು ಸಪ್ಪೆಯಾಗಿ ಕಾಣಬಹುದು. ಏಣಿ ಹಾಕಲು ಜಾಗ ಎಲ್ಲೆಡೆ ಇದೆ! ಆದರೆ ಏಣಿ ಹತ್ತಿಸಿ ಗೆಲ್ಲುವುದು ಸಾಮಂತರ ಆಳುಗಳನ್ನು ಕೊಂದಂತೆ. ಸತ್ತ ಆಳು ಹೆಚ್ಚಾದರೆ ಪಡೆ ಜರ್ಜರಿತ, ಕೊಹೇಶನ್ ಕುಸಿತ, ಮುಂದಿನ ಕೋಟೆಗೆ ಅವರು ಉಪಯೋಗಕ್ಕಿಲ್ಲ. ಗೋಡೆ ಒಡೆದೇ ಒಳಹೋಗಿ.

ಶಿಬಿರ ಹಾಕಿದ ಮೇಲೆ ಟ್ರೆಬ್ಯುಶೆ, ಅಂದರೆ ದೊಡ್ಡ ಕಲ್ಲೆಸೆಯುವ ಯಂತ್ರ, ಒಂದು ಕಟ್ಟಿಸಿ. ಮುಗಿದ ತಕ್ಷಣ ಅದನ್ನು ರಿಸರ್ವ್‌ಗೆ, ಅಂದರೆ ಮೀಸಲಿಗೆ, ಎತ್ತಿಡಿ. ಹೊರಗೆ ಬಿಟ್ಟರೆ ಕೋಟೆಯವರ ಯಂತ್ರಗಳು ಒಂದೊಂದಾಗಿ ಹೊಡೆದು ಉರುಳಿಸುತ್ತವೆ. ಎರಡನೆಯದು ಕಟ್ಟಿ, ಎತ್ತಿಡಿ. ನಾಲ್ಕಾಗುವವರೆಗೆ ಹೀಗೇ. ನಾಲ್ಕನ್ನೂ ಒಟ್ಟಿಗೆ ಹೊರತಂದು ನಿಲ್ಲಿಸಿದರೆ ಮೊದಲು ಅವರ ಯಂತ್ರಗಳು ಹೋಗುತ್ತವೆ, ಆಮೇಲೆ ಗೋಡೆ. ಸಮಯ ಹೆಚ್ಚು ಹಿಡಿಯುತ್ತದೆ ನಿಜ. ಊಟವನ್ನೂ ಇನ್‌ಫ್ಲುಯೆನ್ಸನ್ನೂ ಉಳಿಸಿಕೊಂಡವರಿಗೆ ಆ ಸಮಯ ಸಿಗುತ್ತದೆ, ಉಳಿಸಿಕೊಳ್ಳದವರು ಏಣಿ ಹತ್ತಬೇಕು.

ಮುತ್ತಿಗೆ ನಡೆಯುವಾಗ ಕಣ್ಣು ಭೂಪಟದ ಮೇಲಿರಲಿ. ನಿಮಗಿಂತ ದೊಡ್ಡ ಶತ್ರು ದಂಡು ಬಿಡಿಸಲು ಬರುತ್ತಿದ್ದರೆ ಶಿಬಿರ ಎತ್ತಿ ಹಿಂದೆ ಸರಿಯಿರಿ. ಅವಮಾನವೇನಿಲ್ಲ. ಸಾಮಂತರೆಲ್ಲ ಒಟ್ಟಿಗೆ ಸೆರೆಬಿದ್ದರೆ ನಿಮ್ಮ ರಾಜ್ಯದ ಪಟ್ಟಣಗಳ ಮುಂದೆ ಬಾಗಿಲು ಕಾಯುವವರೂ ಇರುವುದಿಲ್ಲ.

ಇನ್ನೊಂದು ಕಂಟಕ ಸಂಧಿ. ನೀವು ಮುತ್ತಿಗೆಯಲ್ಲಿರುವಾಗ ನಿಮ್ಮ ರಾಜ್ಯದ ಮನೆತನಗಳ ಸಭೆಯಲ್ಲಿ ಯಾರೋ ಶಾಂತಿ ಪ್ರಸ್ತಾಪ ತಂದು, ಅದು ಗೆದ್ದರೆ ಮುತ್ತಿಗೆ ಅಲ್ಲಿಗೇ ಮುಕ್ತಾಯ. ಮತ ಹಾಕುವಾಗ ನಿಮ್ಮ ಬೆಂಬಲಕ್ಕೆ ಎಷ್ಟು ಇನ್‌ಫ್ಲುಯೆನ್ಸ್ ಸೇರಿಸುತ್ತೀರಿ ಅನ್ನುವುದರಲ್ಲಿ ಮೂರು ಮಟ್ಟಗಳಿವೆ. ಕೈಯಲ್ಲಿ ಏನೂ ಇಲ್ಲದವನ ಮತ ನಡೆಯುವುದಿಲ್ಲ. ಒಂದೇ ಸಲ ಎರಡು ಮೂರು ರಾಜ್ಯಗಳ ಜೊತೆ ಯುದ್ಧವಿದ್ದಾಗ ಶಾಂತಿಯ ಕಡೆ ಒಲವು ಹೆಚ್ಚುತ್ತದೆ. ಅಂಥ ಹೊತ್ತಿನಲ್ಲಿ ದೊಡ್ಡ ಪಟ್ಟಣಕ್ಕೆ ಕೈಹಾಕದೆ ಬೇಗ ಮುಗಿಯುವ ಸಣ್ಣ ಕೋಟೆ ನೋಡಿ.

ಹೆಜ್ಜೆ 8: ಗೆದ್ದ ಊರು ಯಾರಿಗೆ

ಕೋಟೆ ಗೆದ್ದ ಮೇಲೆ ಅದು ಯಾರ ಮನೆತನಕ್ಕೆ ಹೋಗಬೇಕೆಂದು ಸಭೆ ಮತ ಹಾಕುತ್ತದೆ. ‘ಕಷ್ಟಪಟ್ಟವನು ನಾನು, ಕೊಟ್ಟದ್ದು ಅವನಿಗೆ’ ಅನ್ನುವ ಸಿಟ್ಟು ಬರುವುದು ಇಲ್ಲೇ. ಸಿಟ್ಟು ಬಿಟ್ಟು ಲೆಕ್ಕ ನೋಡಿ. ನಿಮ್ಮ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ, ನಿಮ್ಮ ದಂಡಿಗೆ ಮತ್ತೆ ಬೇಕಾಗುವ ಸಾಮಂತನಿಗೆ ಮತ ಹಾಕಿ. ಸಂಬಂಧ ಏರುತ್ತದೆ, ಮುಂದಿನ ಸಲ ಅವನನ್ನು ಕರೆಯುವ ಬೆಲೆ ಇಳಿಯುತ್ತದೆ. ಊರೇ ಇಲ್ಲದ ಮನೆತನ ಅದೇ ಪಟ್ಟಿಯಲ್ಲಿದ್ದರೆ ಅದಕ್ಕೇ ಕೊಡಿಸುವುದು ಜಾಣತನ. ಊರಿಲ್ಲದವರೇ ಬೇರೆ ರಾಜ್ಯಕ್ಕೆ ಹಾರುವುದು ಹೆಚ್ಚು.

ಗೆದ್ದ ಕೋಟೆಯಲ್ಲಿ ಕಾವಲು ಬರಿದಾಗಿರುತ್ತದೆ. ಹೊಸ ಒಡೆಯ ಅದನ್ನು ತುಂಬುತ್ತಾನೆ ಅಂತ ಕಾಯಬೇಡಿ. ದಂಡು ಚದುರಿಸುವ ಮುಂಚೆ ನಿಮ್ಮ ಕೆಳಮಟ್ಟದ ಆಳುಗಳನ್ನು ಅಲ್ಲೇ ಬಿಡಿ. ಸೆರೆಯಾದ ಶತ್ರು ಸಾಮಂತರಲ್ಲಿ ಕೆಲವರನ್ನು ಸೆರೆಮನೆಗೆ ಕೊಟ್ಟರೆ ಇನ್‌ಫ್ಲುಯೆನ್ಸ್, ಕಾಳಗ ಮುಗಿದ ಮೇಲೆ ಬಿಟ್ಟುಬಿಟ್ಟರೆ ಅವರ ಜೊತೆ ಸಂಬಂಧ. ಮುಂದೆ ಸ್ವಂತ ರಾಜ್ಯ ಕಟ್ಟುವ ಯೋಚನೆ ಇರುವವರು ಎರಡನೆಯದಕ್ಕೆ ಒಲಿಯಬೇಕು. ತಲೆ ತೆಗೆಯುವ ಆಯ್ಕೆಯೂ ಇದೆ. ಅದನ್ನು ಮುಟ್ಟಬೇಡಿ. ಸತ್ತವನ ಬಂಧುಬಳಗ ಬಿಡಿ, ಸಂಬಂಧವೇ ಇಲ್ಲದ ಮನೆತನಗಳೂ ಮುಖ ತಿರುಗಿಸುತ್ತವೆ.

ಹೆಜ್ಜೆ 9: ನೀವೇ ರಾಜರಾದರೆ

ಟಿಯರ್ 4 ಮುಟ್ಟಿ, ಊರು ಕೈಯಲ್ಲಿದ್ದು ಸ್ವಂತ ರಾಜ್ಯ ಕಟ್ಟಿದವರಿಗೆ ಸಭೆಯ ನಿರ್ಧಾರವನ್ನು ತಿರುಗಿಸುವ ಹಕ್ಕು ಇರುತ್ತದೆ. ಬಹುಮತದ ವಿರುದ್ಧ ಹೋದರೆ ಇನ್‌ಫ್ಲುಯೆನ್ಸ್ ಖರ್ಚು ಏರುತ್ತದೆ. ಮುತ್ತಿಗೆ ನಡುವೆ ಬರುವ ಸಂಧಿಯನ್ನು ತಡೆಯಲು ಮಾತ್ರ ಇದನ್ನು ಇಟ್ಟುಕೊಳ್ಳಿ, ಸಣ್ಣಪುಟ್ಟದಕ್ಕೆಲ್ಲ ಬಳಸಿದರೆ ಬೇಕಾದಾಗ ಬೊಕ್ಕಸ ಖಾಲಿ. ಕಾನೂನುಗಳಲ್ಲಿ ರಾಯಲ್ ಕಮಿಷನ್ಸ್ ಅನ್ನುವುದನ್ನು ಮೊದಲೇ ತನ್ನಿ. ರಾಜ ದಂಡು ಕರೆಯುವ ಖರ್ಚು ಇಳಿಯುತ್ತದೆ, ಸಾಮಂತರಿಗೆ ಏರುತ್ತದೆ. ಅವರು ತಮ್ಮ ಪಾಡಿಗೆ ದಂಡು ಕಟ್ಟಿ ಹಾಳಾಗುವುದು ಕಡಿಮೆಯಾಗುತ್ತದೆ, ನಿಮಗೆ ಬೇಕಾದಾಗ ಕೈಗೆ ಸಿಗುತ್ತಾರೆ.

ಹೊಸ ಮನೆತನಗಳನ್ನು ಒಲಿಸುವಾಗ ತಮ್ಮ ರಾಜನ ಮೇಲೆ ಮುನಿಸಿಕೊಂಡಿರುವ, ಊರಿಲ್ಲದ ಮನೆತನದ ಯಜಮಾನರನ್ನು ಹುಡುಕಿ. ಅವರು ಬೇಗ ಒಪ್ಪುತ್ತಾರೆ. ಬಂದ ಮೇಲೆ ಊರು ಕೊಡಲೇಬೇಕು, ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸು. ಆದರೆ ಯಾವ ಊರು ಅನ್ನುವುದರಲ್ಲಿ ಎಚ್ಚರ. ಮನೆತನವೊಂದು ಬೇರೆ ರಾಜ್ಯಕ್ಕೆ ಹಾರುವಾಗ ತನ್ನ ಕೋಟೆ ಪಟ್ಟಣಗಳನ್ನೂ ಜೊತೆಗೇ ಕೊಂಡೊಯ್ಯುತ್ತದೆ. ಹಾಗಾಗಿ ಹೊಸದಾಗಿ ಬಂದವರಿಗೆ, ನಿಮ್ಮ ಜೊತೆ ಸಂಬಂಧ ಇನ್ನೂ ಬೆಳೆಯದವರಿಗೆ, ರಾಜ್ಯದ ಒಳಭಾಗದ ಕೋಟೆ ಕೊಡಿ. ಅವರು ಹಾರಿದರೂ ಆ ಕೋಟೆ ನಿಮ್ಮ ಊರುಗಳ ನಡುವೆ ಒಂಟಿಯಾಗಿ ಉಳಿಯುತ್ತದೆ, ಮನೆಯ ದಂಡು ಕರೆದುಕೊಂಡು ಹೋಗಿ ವಾರದೊಳಗೆ ವಾಪಸು ಪಡೆಯಬಹುದು. ಗಡಿಯ ಪಟ್ಟಣಗಳು ನಿಮ್ಮ ಹೆಸರಿನಲ್ಲೋ, ಮದುವೆ ಸಂಬಂಧ ಬೆಳೆದಿರುವ ಮನೆತನದ ಹೆಸರಿನಲ್ಲೋ ಇರಲಿ. ಹಂಚಿಕೆಯ ಮತಕ್ಕೆ ಮುಂಚೆ ಎನ್‌ಸೈಕ್ಲೋಪೀಡಿಯ ತೆರೆದು ಪ್ರತಿ ಮನೆತನದ ಯಜಮಾನನ ಸಂಬಂಧದ ಅಂಕಿ ನೋಡಿಕೊಳ್ಳಿ. ಅದು ಸೊನ್ನೆಗಿಂತ ಕೆಳಗಿದ್ದರೆ, ಅವನು ಎಂಥ ಶೂರನೇ ಆಗಲಿ, ಗಡಿಯ ಬೀಗದಕೈ ಅವನಿಗೆ ಬೇಡ.